ಬ್ರೇಕ್ ಮೇಷ್ಟ್ರ ಹನ್ನೊಂದು ನಿಮಿಷ

ಎಲ್ಲಾ ಶುರುವಾಗಿದ್ದು ಒಂದು ಖಾಲಿ ಚೌಕದಿಂದ.

ಆ ಡ್ರೈವಿಂಗ್ ಸ್ಕೂಲಿನ ಪಾಠದ ಪುಸ್ತಕದಲ್ಲಿ, ದಿನದ ಲೆಕ್ಕ ಬರೆಯುವ ಪುಟದ ಕೊನೆಯ ಚೌಕಕ್ಕೆ ‘ಮೇಷ್ಟ್ರು ಬ್ರೇಕ್ ಒತ್ತಿದ್ದು ಎಷ್ಟು ಸಲ’ ಎಂಬ ತಲೆಬರಹ. ಬೇರೆಯವರಾದರೆ ಬಾಯಿಗೆ ಬಂದ ಅಂಕಿ ಗೀಚಿ ಎದ್ದು ಹೋಗುತ್ತಿದ್ದರು. ಬ್ರೇಕ್ ಮೇಷ್ಟ್ರು ಆ ಜಾತಿಯವರಲ್ಲ. ಇಪ್ಪತ್ತೆರಡು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕನ್ನು ಒತ್ತಿ ಒತ್ತಿ, ಬಲಗಾಲಿನ ಮೀನಖಂಡ ಎಡಗಾಲಿನದರ ಒಂದೂವರೆ ಪಟ್ಟು ದಪ್ಪವಾದ ಮನುಷ್ಯ. ಅವರು ಕೂತ ಕಾರಿನಿಂದ ಒಂದು ಬೆಕ್ಕಿನ ಬಾಲಕ್ಕೂ ನೋವಾಗಿಲ್ಲ. ಮೂವತ್ತೆಂಟು ಸಲ ಒತ್ತಿದ್ದರೆ ಮೂವತ್ತೆಂಟು. ಮೂವತ್ತೇಳೂ ಅಲ್ಲ, ಸುಮಾರು ನಲವತ್ತೂ ಅಲ್ಲ.

ಆ ಬೆಳಿಗ್ಗೆ, ನಾಲ್ಕು ತಿಂಗಳಿಂದ ಕಾರು ಕಲಿಯುತ್ತಿದ್ದ ನರ್ಸಮ್ಮನ ಪಾಠ ಮುಗಿಸಿ ಬಂದು ಪೆನ್ನು ಹಿಡಿದರು. ಪೆನ್ನು ಚೌಕದ ಮೇಲೆ ಬಂದು ನಿಂತೇಬಿಟ್ಟಿತು.

ಮೇಲ್ಸೇತುವೆ ಹತ್ತಿದ್ದು ನೆನಪಿತ್ತು. ಸ್ಕೂಲಿನ ಗೇಟಿನೊಳಗೆ ಕಾರು ನಿಂತದ್ದು ನೆನಪಿತ್ತು. ನಡುವಿನ ಮೂರು ಸಿಗ್ನಲ್, ಒಂದು ದೊಡ್ಡ ವೃತ್ತ, ಒಟ್ಟು ಹನ್ನೊಂದು ನಿಮಿಷ ಮಾತ್ರ ಒರೆಸಿದ ಸ್ಲೇಟಿನ ಹಾಗೆ ಖಾಲಿ.

ಮೇಷ್ಟ್ರಿಗೆ ಚಿಕ್ಕಪ್ಪನ ಗತಿ ನೆನಪಾಯಿತು. ಲಾರಿ ಓಡಿಸುತ್ತಿದ್ದಾಗ ಅವರು ಹೀಗೇ ಕಣ್ಣು ಬಿಟ್ಟುಕೊಂಡೇ ಎಚ್ಚರ ತಪ್ಪಿ ಬೇಲಿಗೆ ನುಗ್ಗಿದ್ದರು. ಆಮೇಲೆ ಅವರ ಕೈಗೆ ಯಾರೂ ಸೈಕಲ್ ಕೂಡ ಕೊಡಲಿಲ್ಲ. ತನಗೂ ಅದೇ ರೋಗವಾದರೆ ಡ್ರೈವಿಂಗ್ ಕಲಿಸಲು ಸರ್ಕಾರ ಕೊಟ್ಟ ಕಾರ್ಡು ಹೋಯಿತು. ಆ ಪಕ್ಕದ ಸೀಟೇ ಹೋದ ಮೇಲೆ ಬ್ರೇಕ್ ಮೇಷ್ಟ್ರು ಅಂತ ಉಳಿಯುವುದೇನು? ಬರೀ ಒಂದು ದಪ್ಪ ಕಾಲು.

‘ನಲವತ್ತು’ ಅಂತ ಬರೆದು ಚಹಾ ಕುಡಿಯಲು ಹೋಗಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಆದರೆ ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿ, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು: “ನಂಗೇನೋ ಆಗಿದೆ ಕಣ್ರಪ್ಪಾ. ಹನ್ನೊಂದು ನಿಮಿಷ ನಾನು ಇರ್ಲೇ ಇಲ್ಲ.”

ಅಷ್ಟೇ ಸಾಕಾಯಿತು. ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತಾ ಕಾರಿನಡಿಯಿಂದ ಹೊರಬಂದ.

“ಶುಗರ್ರೇ ಮೇಷ್ಟ್ರೇ, ಅನುಮಾನಾನೇ ಬೇಡ. ಆಯಿಲ್ ಕಮ್ಮಿ ಆದ್ರೆ ಗಾಡೀಲಿ ದೀಪ ಹತ್ತುತ್ತೆ, ಮನುಷ್ಯಂಗೆ ದೀಪ ಆರುತ್ತೆ.”

“ಅಲ್ವೋ, ಇದು ಮಿದುಳಿನ ನರ,” ಎಂದ ಚಿಕ್ಕ ಮೇಷ್ಟ್ರು. ಇವನು ಬ್ರೇಕ್ ಮೇಷ್ಟ್ರೇ ಕೈಹಿಡಿದು ಕಲಿಸಿ ತಯಾರು ಮಾಡಿದ ಹುಡುಗ. ಗುರುವಿನ ನಡಿಗೆ, ಕೆಮ್ಮು, ಗದರಿಕೆ ಎಲ್ಲವನ್ನೂ ಎತ್ತಿಕೊಂಡಿದ್ದ. “ನಮ್ಮತ್ತೆಗೂ ಹಿಂಗೇ ಆಗಿತ್ತು.”

“ಆಮೇಲೆ?” ಎಂದರು ಮೇಷ್ಟ್ರು.

“ಆಮೇಲೇನು, ಫೋಟೋ ಗೋಡೆ ಮೇಲಿದೆ.”

ಬೆಂಚಿನ ಮೇಲೆ ಕೂತಿದ್ದ ನರ್ಸಮ್ಮ ಬಾಯಿ ತೆರೆದರು. “ಅಯ್ಯೋ, ಅವ್ರಿಗೆ ಏನೂ ಆಗಿಲ್ರೀ. ನಾನೊಂದು ಮಾತು…”

“ನೀವು ಸುಮ್ನಿರಿ ನರ್ಸಮ್ಮ, ಮಧ್ಯಾಹ್ನ ಟೆಸ್ಟಿದೆ ನಿಮ್ದು,” ಎಂದ ಮೆಕ್ಯಾನಿಕ್ಕು.

ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ವಾರ್ಡುಗಳನ್ನು ಆಳಿ ನಿವೃತ್ತಿಯಾದ ಹೆಂಗಸಿಗೆ, ಸ್ಪ್ಯಾನರ್ ಹಿಡಿದವನೊಬ್ಬ ರೋಗದ ವಿಷಯದಲ್ಲಿ ಸುಮ್ಮನಿರಿ ಅನ್ನುತ್ತಾನೆ! ಹೇಳುವವನಿಗೆ ನಾಚಿಕೆಯಿಲ್ಲ, ಕೇಳುವವರಿಗೆ ಕಿವಿಯಿಲ್ಲ. ನರ್ಸಮ್ಮ ತುಟಿ ಬಿಗಿದು ಕೂತರು.

ಮಾಲೀಕರು ಒಳಕೋಣೆಯಿಂದ ಓಡಿ ಬಂದು ಮೇಷ್ಟ್ರ ಹೆಗಲು ಹಿಡಿದರು. “ಹೆದರ್ಬೇಡಿ. ರೋಗ ಅಂತಾದ್ರೆ ಮೂರು ತಿಂಗಳು ಸಂಬಳದ ರಜ ಕೊಡ್ತೀನಿ. ನಮ್ಮ ಸ್ಕೂಲಿನ ಚಿನ್ನ ಕಣ್ರೀ ನೀವು! ಈಗ್ಲೇ ಡಾಕ್ಟ್ರ ಹತ್ರ ಹೊರಡಿ.”

ಹೊರಡುವುದು ಹೇಗೆ? ಮೇಷ್ಟ್ರು ಕೀಲಿಯನ್ನು ಮೇಜಿನ ಮೇಲಿಟ್ಟು ಕೈಕಟ್ಟಿದರು. “ರಿಪೋರ್ಟ್ ಬರೋವರ್ಗೂ ನಾನು ಮುಂದಿನ ಸೀಟಲ್ಲಿ ಕೂರೋದಿಲ್ಲ. ನರ್ಸಮ್ಮ ಓಡಿಸ್ಲಿ, ಟೆಸ್ಟಿಗೆ ಮುಂಚೆ ಅಭ್ಯಾಸಾನೂ ಆಗುತ್ತೆ. ಪಕ್ಕದಲ್ಲಿ ನೀನು ಕೂತ್ಕೊಳ್ಳಪ್ಪ ಚಿಕ್ಕ ಮೇಷ್ಟ್ರೇ.” ಸ್ವಂತ ಜೀವದ ಚಿಂತೆಯಲ್ಲೂ ಶಿಷ್ಯೆಯ ಟೆಸ್ಟು ಮರೆಯದ ಮನುಷ್ಯ!

ಕಾರು ಹೊರಟಿತು, ಹೊರಟಿತು ಅನ್ನುವುದಕ್ಕಿಂತ ಬಿಕ್ಕಳಿಸಿತು. ದೂರದಲ್ಲಿ ಒಂದು ಕೈಗಾಡಿ ಕಂಡರೆ ಚಿಕ್ಕ ಮೇಷ್ಟ್ರ ಕಾಲು ಬ್ರೇಕಿನ ಮೇಲೆ. ಕಾಗೆ ಹಾರಿದರೂ ಬ್ರೇಕು. ಹಿಂದಿನ ಸೀಟಿನಲ್ಲಿ ಮೇಷ್ಟ್ರು ಹಣೆಯನ್ನು ಮುಂದಿನ ಸೀಟಿಗೆ ಕುಟ್ಟಿಕೊಳ್ಳುತ್ತಾ, “ಭೇಷ್! ನಮ್ಮ ಹುಡುಗ!” ಎಂದು ಹೆಮ್ಮೆಪಟ್ಟರು. ನರ್ಸಮ್ಮ ಮಾತ್ರ ಹಲ್ಲು ಕಡಿಯುತ್ತಿದ್ದರು.

ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟರು, ರಕ್ತ ತೆಗೆದರು, ತಲೆಗೆ ತಂತಿ ಅಂಟಿಸಿ ಕಾಗದದ ಮೇಲೆ ಗೆರೆ ಓಡಿಸಿದರು. ಕೊನೆಗೆ ಪುಟ್ಟ ಸುತ್ತಿಗೆಯಿಂದ ಮೊಣಕಾಲು ತಟ್ಟಿದರು. ಬಲಗಾಲು ರಪ್ಪೆಂದು ಚಿಮ್ಮಿ ಕಸದ ಬುಟ್ಟಿಯನ್ನು ಬಾಗಿಲಾಚೆ ಕಳಿಸಿತು.

“ಕ್ಷಮಿಸಿ ಸಾರ್, ಬ್ರೇಕ್ ಅಂದ್ಕೊಳ್ತು,” ಎಂದರು ಮೇಷ್ಟ್ರು.

“ಕುದುರೆ ಥರ ಇದ್ದೀರಿ. ರಾತ್ರಿ ನಿದ್ದೆ ಹೆಂಗೆ?”

“ಮೊಮ್ಮಗಳಿಗೆ ಹಲ್ಲು ಬರ್ತಿದೆ ಸಾರ್. ಎರಡು ದಿನದಿಂದ ಹೆಗಲ ಮೇಲೇ ಇದ್ದಾಳೆ. ಆದ್ರೆ ಕಾರಲ್ಲಿ ನಂಗೆ ನಿದ್ದೆ ಬರೋ ಮಾತೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಬಸ್ಸಲ್ಲೂ ತೂಕಡಿಸಿಲ್ಲ.”

ನರ್ಸಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತೇ ಶುರುಮಾಡಿದರು.

“ಬಂತು ಮೇಷ್ಟ್ರೇ, ಬಂತು! ಮೇಲ್ಸೇತುವೆ ಇಳಿಯೋವಾಗ್ಲೇ ಗೊರಕೆ ಹೊಡೆದ್ರಿ. ಮೊದಲ್ನೇ ಸಿಗ್ನಲ್ಲಲ್ಲಿ ನಿಂತಾಗ ನಾಡಿ ಹಿಡಿದು ನೋಡ್ದೆ, ಎಪ್ಪತ್ತೆರಡು. ಎಚ್ಚರ ತಪ್ಪೋದಕ್ಕೂ ನಿದ್ದೆಗೂ ವ್ಯತ್ಯಾಸ ಗೊತ್ತಾಗಲ್ವಾ ನಂಗೆ? ಎಷ್ಟು ಸಾವಿರ ಜನ ಮಲಗೋದು ನೋಡಿದ್ದೀನಿ!”

“ಎಬ್ಬಿಸ್ಬಾರ್ದಿತ್ತಾ ತಾಯಿ!”

“ಯಾಕೆ ಎಬ್ಬಿಸ್ಲಿ? ನಾಲ್ಕು ತಿಂಗಳಿಂದ ನನ್ನ ಬ್ರೇಕು ನಂಗೆ ಒತ್ತೋಕೆ ಸಿಕ್ಕಿತ್ತಾ? ನಾನು ಕಾಲಿಡೋದ್ರೊಳಗೆ ನಿಮ್ಮ ಕಾಲು! ಅದಕ್ಕೇ ಮೂರು ಟೆಸ್ಟಲ್ಲೂ ಪಕ್ಕದವ್ರು ಒತ್ತಲಿ ಅಂತ ಕಾಯ್ಕೊಂಡೇ ಕಂಬಕ್ಕೆ ಗುದ್ದಿದ್ದು. ಇವತ್ತು ಮೊದಲ್ನೇ ಸಲ ಎಲ್ಲಾ ನಾನೇ ಒತ್ತಿದೆ. ಹೇಳಿದ್ರೆ ನಿಮ್ಮ ಕೆಲಸಕ್ಕೆ ಕುತ್ತು ಅಂತ ಎಲ್ಲರ ಮುಂದೆ ಸುತ್ತಿ ಬಳಸಿ ಹೇಳೋಕೆ ಹೋದೆ. ಹೇಳೋಕೆ ಬಿಟ್ರಾ?”

ಮೇಷ್ಟ್ರು ತಮ್ಮ ಬಲಗಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. ಆಮೇಲೆ ಎರಡೂ ಕೈ ಜೋಡಿಸಿದರು. “ನನ್ನ ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನ ನಿದ್ದೆ ಮಾಡಿಸಿದ ಡ್ರೈವರ್ ನೀವೊಬ್ರೇ ನರ್ಸಮ್ಮ.”

ಮಧ್ಯಾಹ್ನದ ಟೆಸ್ಟಿನಲ್ಲಿ ನರ್ಸಮ್ಮ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕಾರು ಓಡಿಸಿ ಪಾಸಾದರು. ರಿಪೋರ್ಟೂ ಬಂತು: ಮೇಷ್ಟ್ರಿಗೆ ಯಾವ ರೋಗವೂ ಇಲ್ಲ. ಕಾರ್ಡು ಉಳಿಯಿತು, ಸೀಟು ಉಳಿಯಿತು!

ಚಿಕ್ಕ ಮೇಷ್ಟ್ರು ಕಿವಿಯಲ್ಲಿ ಪಿಸುಗುಟ್ಟಿದ, “ಚೌಕದಲ್ಲಿ ಏನಾದ್ರೂ ಒಂದು ಬರೆದ್ಬಿಡಿ ಗುರುಗಳೇ.” ಮೇಷ್ಟ್ರು ಅವನನ್ನು ದುರುಗುಟ್ಟಿ ನೋಡಿ, ದುಂಡಗೆ ಬರೆದರು: ‘ಮೇಲ್ಸೇತುವೆಯಿಂದಾಚೆ ಸೊನ್ನೆ. ಕಾರಣ: ಮೇಷ್ಟ್ರು ಹನ್ನೊಂದು ನಿಮಿಷ ನಿದ್ದೆ ಮಾಡಿದ್ದಾರೆ.’ ಕೆಳಗೆ ಸಹಿ.

ಮಾಲೀಕರು ಓದಿದರು. ಬೆಳಗಿನ ಚಿನ್ನ ಸಂಜೆಗೆ ಹಿತ್ತಾಳೆಯಾಯಿತು.

“ಏನ್ರೀ ಇದು? ರೋಗ ಆಗಿದ್ರೆ ರಜ ಕೊಡ್ತಿದ್ದೆ. ಆರೋಗ್ಯವಾಗಿದ್ಕೊಂಡು ನಿದ್ದೆ ಮಾಡಿದ್ರೆ ಏನ್ರೀ ಮಾಡ್ಲಿ?” ಎಂದು ಗೋಡೆಯ ಹಲಗೆಯತ್ತ ಬೆರಳು ತೋರಿಸಿದರು. ‘ಪಾಠದ ವೇಳೆ ನಿದ್ರಿಸಿದ ಮೇಷ್ಟ್ರು ಹತ್ತು ಪಾಠಗಳನ್ನು ವಿದ್ಯಾರ್ಥಿಯಾಗಿ ಪುನಃ ಕಲಿಯತಕ್ಕದ್ದು.’ ಹದಿನೈದು ವರ್ಷದ ಹಿಂದೆ, ಬೇಡ ಬೇಡವೆಂದರೂ ಕೇಳದೆ, ಹಟ ಹಿಡಿದು ಈ ನಿಯಮ ಮಾಡಿಸಿದವರು ಬ್ರೇಕ್ ಮೇಷ್ಟ್ರೇ. ಅಕ್ಷರವೂ ಅವರದೇ.

ಮೇಷ್ಟ್ರು ಕಲಿಯುವವರ ‘ಎಲ್’ ಹಲಗೆಯನ್ನು ತಾವೇ ಕಾರಿಗೆ ಕಟ್ಟಿ, ಸ್ಟೀರಿಂಗಿನ ಮುಂದೆ ಕೂತರು. ಪಕ್ಕದ ಸೀಟಿನಲ್ಲಿ ಚಿಕ್ಕ ಮೇಷ್ಟ್ರು ಗುರುವಿನಂತೆಯೇ ಕೆಮ್ಮಿ ಪಾಠದ ಪುಸ್ತಕ ತೆರೆದ. ಗೇಟಿನ ಹತ್ತಿರ ಹೊಸ ಲೈಸೆನ್ಸು ಹಿಡಿದ ನರ್ಸಮ್ಮ ಕೈಬೀಸುತ್ತಿದ್ದರು.

ಕಾರು ನಾಲ್ಕು ಮಾರು ಸಾಗಿತು. ಅಷ್ಟು ದೂರದಲ್ಲಿ ಒಂದು ಬೆಕ್ಕು ಗೋಡೆಯ ಮೇಲೆ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಮೇಷ್ಟ್ರು ಬಲಗಾಲು ಎತ್ತಿದರು. ಅಷ್ಟರಲ್ಲಿ ಕಾರು ಗಕ್ಕನೆ ನಿಂತು, ಅವರ ಮೂಗು ಸ್ಟೀರಿಂಗಿಗೆ ಬಡಿಯಿತು.

“ಅಯ್ಯೋ, ನಾನಿನ್ನೂ ಕಾಲೇ ಇಟ್ಟಿಲ್ವಲ್ಲೋ!”

“ಒಂದು,” ಎಂದು ಚೌಕದಲ್ಲಿ ಬರೆದುಕೊಂಡ ಚಿಕ್ಕ ಮೇಷ್ಟ್ರು.