‘ಕಾಫಿ ಆಯ್ತಾ?’ ಎನ್ನುವ ವೇಗ

೧೯೯೨, ಜೂನ್ ೮, ಸೋಮವಾರ, ಬೆಳಗಿನ ಐದೂಮುಕ್ಕಾಲು. ನನ್ನ ಮಾನ ಬೀದಿಗೆ ಬೀಳಲು ಶುರುವಾದ ಗಳಿಗೆ ಇದು. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಯಾರೂ ಸುಳ್ಳು ಎನ್ನುವಂತಿಲ್ಲ.

ನಮ್ಮ ಸೋದರಮಾವನನ್ನು ಓಟದಲ್ಲಿ ಸೋಲಿಸುವುದು ಬಹಳ ಸುಲಭ. ಕುಂಟುವ ಕೋಳಿಯೂ ಸೋಲಿಸಬಹುದು. ಆದರೆ ಅವರ ಜೊತೆಜೊತೆಗೆ ಓಡುವುದಿದೆಯಲ್ಲ, ಅದು ಮಾತ್ರ ನರಮನುಷ್ಯರಿಗೆ ಸಾಧ್ಯವಿಲ್ಲ!

ಓಡಬೇಕೆಂದು ಹೊರಟವಳು ನಾನು. ಮೂರು ಕಿಲೋಮೀಟರ್ ಎಲ್ಲೂ ನಿಲ್ಲದೆ ಓಡಿದವರಿಗಷ್ಟೇ ಕಾಲೇಜು ತಂಡದಲ್ಲಿ ಜಾಗ. ಆ ಜಾಗ ನನಗೆ ಬೇಕೇ ಬೇಕಿತ್ತು. ಆದರೆ ದೊಡ್ಡಬಳ್ಳಾಪುರದಲ್ಲಿ ಹುಡುಗಿಯೊಬ್ಬಳು ರಸ್ತೆಯಲ್ಲಿ ಓಡಿದರೆ ಯಾರದೋ ಮನೆಗೆ ಬೆಂಕಿ ಬಿದ್ದಿದೆ ಎಂದೇ ಅರ್ಥ. “ನಿಮ್ಮ ಮಾವ ಜೊತೇಲಿದ್ರೆ ಹೋಗು. ಇಲ್ದಿದ್ರೆ ಹೊಸ್ತಿಲು ದಾಟ್ಬೇಡ” ಎಂದಳು ಅಮ್ಮ. ಮಾವ ಇರುವುದು ಪಕ್ಕದ ಮನೆಯಲ್ಲೇ, ಪವರ್‌ಲೂಮಿನಲ್ಲಿ ಸೀರೆ ನೇಯುವವರು. ಜೀವಮಾನದಲ್ಲಿ ಒಂದು ಬಸ್ಸಿಗೂ ಓಡಿದವರಲ್ಲ. ಇಂಥವರು ನನ್ನ ಗುರುಗಳು!

ಮೊದಲ ದಿನ ನಾನು ಬಾಣದಂತೆ ಹೊರಟೆ. ರಾಗಿ ಮಿಲ್ಲಿನ ಹತ್ತಿರ ಪಕ್ಕೆ ಹಿಡಿದುಕೊಂಡು ಕುಸಿದೆ. ಬಹಳ ಹೊತ್ತಿನ ಮೇಲೆ ಮಾವ ಪಂಚೆ ಮೇಲಕ್ಕೆ ಕಟ್ಟಿ, ಕ್ಯಾನ್ವಾಸ್ ಷೂ ತೊಟ್ಟು, ತೇರಿನಷ್ಟು ನಿಧಾನವಾಗಿ ಬಂದರು.

“ಯಾಕಮ್ಮಣ್ಣಿ, ಕೂತ್ಬಿಟ್ಟೆ? ಬಸ್ಸು ಬರ್ತದಾ?”

ಅಂದಿನಿಂದ ಕಾನೂನು ಜಾರಿಯಾಯಿತು: ಮಾತಾಡಿಕೊಂಡೇ ಓಡಬೇಕು, ಮಾತು ನಿಂತರೆ ವೇಗ ಜಾಸ್ತಿಯಾಯಿತು ಎಂದರ್ಥ. “ಬಸ್ಸಾರು ಮಾಡೋದು ಹೆಂಗೆ, ಹೇಳು” ಎನ್ನುವರು. ನಾನು “ಕಾಳು ಬೇಯಿಸಿ... ಸೊಪ್ಪು ಹಾಕಿ... ಬಸಿ...” ಎಂದು ಏದುಸಿರು ಬಿಟ್ಟರೆ, “ಬಸಿಯಕ್ಕಾಗ್ಲಿಲ್ಲ ನೋಡು, ನಿಧಾನ” ಎಂದು ವೇಗವನ್ನು ಇನ್ನೂ ಕೆಳಗಿಳಿಸುವರು. ಓಡಲು ಬಂದವಳಿಗೆ ಅಡುಗೆ ಪರೀಕ್ಷೆಯೇ?

ಇದನ್ನೂ ಸಹಿಸಬಹುದಿತ್ತು. ಆದರೆ ದೊಡ್ಡಬೆಳವಂಗಲದ ರಸ್ತೆಯಲ್ಲಿ ಎದುರಾದವರೆಲ್ಲ “ಕಾಫಿ ಆಯ್ತಾ?” ಎನ್ನುತ್ತಾರೆ. ಉತ್ತರ ಕೊಡದೆ ಹೋಗುವುದು ಮಾವನ ಜಾಯಮಾನವಲ್ಲ. ನಿಲ್ಲುವಂತೆಯೂ ಇಲ್ಲ, ಓಟ ಕೆಡುತ್ತದೆ! ಹಾಗಾಗಿ ಮಾತು ಮುಗಿಯುವವರೆಗೆ ಅವರ ಸುತ್ತಲೇ ಓಡುವುದು. ಅರಳಿಕಟ್ಟೆ ಸುತ್ತುವ ಹಾಗೆ! ಹೂ ಮಾರುವ ಅಜ್ಜಿಯ ಮಗಳ ಬಾಣಂತನ ವಿಚಾರಿಸುವಷ್ಟರಲ್ಲಿ ನಾವು ಒಂಬತ್ತು ಪ್ರದಕ್ಷಿಣೆ ಹಾಕಿದ್ದೆವು.

“ನಿಂತ್ಕಳಪ್ಪಾ, ನಂಗೇ ತಲೆ ತಿರುಗ್ತದೆ!” ಎಂದು ಅಜ್ಜಿ ಬುಟ್ಟಿ ಹಿಡಿದುಕೊಂಡಳು.

ಒಂದು ದಿನ ಹುಲ್ಲಿನ ಗಾಡಿ ನಮ್ಮನ್ನು ಹಿಂದೆ ಹಾಕಿತು. ಎತ್ತುಗಳಿಗೆ ಅವಸರವೇನೂ ಇರಲಿಲ್ಲ. ಗಾಡಿಯವನು ಮರುಕದಿಂದ, “ಹತ್ಕೊಳ್ತೀಯೇನವ್ವಾ?” ಎಂದ. ನನಗೆ ಉರಿದುಹೋಯಿತು.

“ಮಾವ, ನಾನು ಓಡಕ್ಕೆ ಬಂದಿರೋದು, ಊರು ವಿಚಾರಿಸ್ಕೊಳ್ಳೋಕಲ್ಲ!”

“ಓಡ್ತಾನೇ ಇದ್ದೀವಲ್ಲಮ್ಮಾ. ನಿಂತಿದ್ದೀವಾ?”

ಹೌದು, ನಿಂತಿರಲಿಲ್ಲ. ಅದೇ ಸಿಟ್ಟು!

ಜುಲೈ ಕೊನೆಯ ವಾರ. ನಾಳೆ ಕಾಲೇಜಿನಲ್ಲಿ ಓಟ. ದಿನಾ ಆ ಹೊತ್ತಿಗೆ ಇರದ ಕರೆಂಟು ಆ ಬೆಳಗ್ಗೆ ಬಂದುಬಿಟ್ಟಿತು. ಕರೆಂಟು ಇದ್ದಾಗ ಮಗ್ಗ ಬಿಟ್ಟು ಏಳುವ ಹಾಗಿಲ್ಲ. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಮಾವ ಮಗ್ಗದ ಸದ್ದಿಗಿಂತ ಜೋರಾಗಿ, “ಹೋಗ್ಬಾ” ಎಂದು ಕೂಗಿದರು.

“ಒಬ್ಳೇನಾ?” ನನ್ನ ಹಿಂದೆಯೇ ಬಂದಿದ್ದ ಅಮ್ಮ ಸೆರಗು ಬಾಯಿಗಿಟ್ಟಳು.

“ಒಬ್ಳೆಲ್ಲಿ? ರಸ್ತೆ ತುಂಬಾ ಜನ ಅವ್ರೆ, ಕಳ್ಸಮ್ಮ.”

ಅಮ್ಮ ಬೇಡವೆನ್ನುವ ಮೊದಲೇ ಹೊರಟೆ. ಇಂದು ನನ್ನ ವೇಗವನ್ನು ನೋಡಿಬಿಡೋಣ ಎಂದುಕೊಂಡೆ. ಎಲ್ಲಿ ಬಿಡುತ್ತಾರೆ?

“ಮಾವ ಎಲ್ಲವ್ವಾ?” ಹೂವಿನಜ್ಜಿ ಕೇಳಿದಳು.

“ಮಗ್ಗದ ಮೇಲವ್ರೆ ಅಜ್ಜಿ. ಕಾಫಿ ಆಯ್ತಾ?” ಎಂದೆ. ಉಸಿರು ಕಟ್ಟಲಿಲ್ಲ.

ಚಹಾ ಅಂಗಡಿಯ ಮುಂದೆ ಇಬ್ಬರು ಹುಡುಗರು ನನ್ನನ್ನು ಕಂಡು ಸಿಳ್ಳೆ ಹಾಕಿದರು. ನನ್ನ ಕಾಲು ತಡವರಿಸಿತು. ಅಂಗಡಿಯಾತ ಸೌಟು ಹಿಡಿದೇ ಹೊರಗೆ ಬಂದ.

“ಲೇ, ನಮ್ಮುಡ್ಗಿ ಕಣ್ರೋ ಅವ್ಳು! ನಾಳೆ ಕಾಲೇಜಲ್ಲಿ ಓಡ್ಬೇಕು. ದಾರಿ ಬಿಡ್ರಿ. ನೀನು ಹೋಗಮ್ಮ, ನಿಧಾನ, ನಿಲ್ಬೇಡ.”

ನಾಳೆ ಓಟವಿದೆ ಎಂದು ಮನೆಯವರನ್ನು ಬಿಟ್ಟು ಯಾರಿಗೂ ನಾನು ಹೇಳಿರಲಿಲ್ಲ.

ನಿಲ್ಲಲಿಲ್ಲ. ಕೆರೆ ಏರಿ ಮುಟ್ಟಿ ತಿರುಗಿ, ಮೂರು ಕಿಲೋಮೀಟರ್ ಮುಗಿಸಿ ಮನೆಗೇ ಬಂದೆ. ಏದುಸಿರಿರಲಿಲ್ಲ. ಕಣ್ಣಲ್ಲಿ ಮಾತ್ರ ನೀರು. ನೇರ ಮಗ್ಗದ ಮನೆಗೆ ನುಗ್ಗಿ, “ಅವರಿಗೆಲ್ಲ ಏನು ಹೇಳಿದ್ರಿ ಮಾವ?” ಎಂದೆ.

“ನಾನೇನ್ ಹೇಳ್ದೆ? ಕಾಫಿ ಆಯ್ತಾ ಅಂದೆ, ಅಷ್ಟೇ.” ತಲೆ ಬಗ್ಗಿಸಿ, ಹರಿದೇ ಇಲ್ಲದ ಎಳೆಯೊಂದನ್ನು ಗಂಟು ಹಾಕತೊಡಗಿದರು.

ಮಾರನೆಯ ದಿನ ತಂಡದಲ್ಲಿ ಜಾಗ ಸಿಕ್ಕಿತು. ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಆ ರಸ್ತೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಮ್ಮ ಮಾವ ನಿಮ್ಮ ಬಳಿ ಯಾವಾಗ ಬಂದಿದ್ದರು, ನನ್ನ ವಿಷಯ ಏನೆಂದಿದ್ದರು, ದಯವಿಟ್ಟು ಬರೆದು ತಿಳಿಸಿ. ಊರಿಗೆಲ್ಲ ಮಾತಾಡುವ ಮನುಷ್ಯ ಇದೊಂದಕ್ಕೆ ಬಾಯಿ ಬಿಡುತ್ತಿಲ್ಲ.