ಅಳು ಬ್ಯಾಂಡಿನ ಮಾವ

ನನ್ನ ಸೋದರಮಾವ ಕ್ಲಾರಿನೆಟ್ ಊದಿದ ಮದುವೆಗಳಲ್ಲಿ ಅಳದೆ ಊಟಕ್ಕೆ ಕೂತವರು ಯಾರೂ ಇಲ್ಲ! ಹೆಣ್ಣಿನ ಕಡೆಯವರು ಅಳುವುದು ಸರಿ, ಅದು ಎಲ್ಲ ಕಡೆ ಇದ್ದದ್ದೇ. ಆದರೆ ಗಂಡಿನ ಕಡೆಯವರು, ಅಡುಗೆಯವರು, ಎಲೆ ಎತ್ತುವವರು ಕೂಡ ಮೂಗೊರೆಸಿಕೊಳ್ಳುತ್ತಿದ್ದರು ಅಂದರೆ ನೀವು ನಂಬಬೇಕು.

ಸಾಗರದ ಸಂಗೀತದ ಚರಿತ್ರೆಯನ್ನು ಯಾರಾದರೂ ಬರೆದರೆ ಅದರಲ್ಲಿ ಯಕ್ಷಗಾನ ಬರುತ್ತದೆ, ಹರಿಕಥೆ ಬರುತ್ತದೆ, ದೊಡ್ಡವರ ಮನೆಗಳಲ್ಲಿ ನಡೆದ ಕಛೇರಿಗಳು ಬರುತ್ತವೆ. ಅರವತ್ತರ ದಶಕದ ಆರಂಭದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿದ್ದ ಮಾವನ ಬ್ಯಾಂಡ್‌ಸೆಟ್ಟು ಮಾತ್ರ ಬರುವುದಿಲ್ಲ. ಮೈಗೆ ಕೆಂಪು ಕೋಟು, ಅದಕ್ಕೆ ಹಿತ್ತಾಳೆ ಗುಂಡಿ, ಕಾಲಿಗೆ ಏನೂ ಇಲ್ಲ. ದೊಡ್ಡ ಡ್ರಮ್ಮಿನವನಂತೂ ಮದುವೆಯಿಲ್ಲದ ದಿನ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಿದ್ದ. ಇಂಥವರ ಚರಿತ್ರೆಯನ್ನು ಯಾರು ಬರೆಯುತ್ತಾರೆ? ಅದಕ್ಕೇ ನಾನು ಬರೆಯುತ್ತಿದ್ದೇನೆ.

ಮಾವನ ತೊಂದರೆ ಒಂದೇ. ಎಂಥ ಕುಣಿಸುವ ಹಾಡನ್ನು ಶುರುಮಾಡಿದರೂ ಎರಡನೇ ಸಾಲಿಗೆ ಬರುವಷ್ಟರಲ್ಲಿ ಅದರ ಕೈಹಿಡಿದು ನಿಧಾನಕ್ಕೆ ಕೆಳಗಿಳಿಸಿಬಿಡುತ್ತಿದ್ದ. ಅಲ್ಲಿಂದ ಮುಂದೆ ಅದು ಅವನ ಅವ್ವ, ಅಂದರೆ ನನ್ನ ಅಜ್ಜಿ, ಗದ್ದೆಯಲ್ಲಿ ಸಸಿ ನೆಡುವಾಗ ಹೇಳುತ್ತಿದ್ದ ಹಾಡಾಗುತ್ತಿತ್ತು. ಬೆನ್ನು ಬಗ್ಗಿಸಿಕೊಂಡು ಎಳೆದೆಳೆದು ಹೇಳುವ ಹಾಡು ಅದು. ತವರು ದೂರವಾಯಿತು, ನಡುವೆ ಹೊಳೆ ಅಡ್ಡ ಬಂತು ಎನ್ನುವಂಥದ್ದು.

ಕೋಣಂದೂರಿನ ಒಂದು ಮದುವೆಯಲ್ಲಿ ದಿಬ್ಬಣ ಬ್ಯಾಂಡಿನ ಹಿಂದೆ ಹೊರಟಿತು. ಹಾಡು ನಿಧಾನವಾದಂತೆ ಬ್ಯಾಂಡಿನವರ ಹೆಜ್ಜೆ ನಿಧಾನವಾಯಿತು, ಅವರ ಹಿಂದೆ ದಿಬ್ಬಣವೂ ನಿಧಾನವಾಯಿತು. ಮದುಮಗ ಬಾಸಿಂಗ ಸರಿಸಿ ಕಣ್ಣೊರೆಸಿಕೊಂಡ. ಮುಹೂರ್ತ ಮೀರುತ್ತದೆಂದು ಪುರೋಹಿತರೇ ಎದುರಿಗೆ ಓಡಿಬಂದರು. ಹೆಣ್ಣಿನ ಅಪ್ಪ ಮಾವನ ಕೋಟು ಹಿಡಿದು ನಿಲ್ಲಿಸಿದರು.

"ಎಂತ ಮಾರಾಯ ಇದು? ನಿನ್ನ ಕರ್ಸಿದ್ದು ಮದುವೆಗಾ, ಹೆಣ ಎತ್ತಕ್ಕಾ?"

"ಖುಷೀಲಿ ಇರೋರಿಗೆ ಸಂಗೀತ ಎಂತಕ್ಕೆ ಒಡೇರೆ?" ಅಂದ ಮಾವ, ತಣ್ಣಗೆ. "ಅವ್ರಿಗೆ ಹೋಳಿಗೆ ಸಾಕು."

ಆವತ್ತು ಬ್ಯಾಂಡಿನವರಿಗೆ ಹೋಳಿಗೆ ಸಿಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಹೊಸನಗರದ ಒಂದು ಶಾಲೆಯವರು ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಕರೆದರು. ಮೆರವಣಿಗೆ ಮುಗಿದ ಮೇಲೆ ಭಾಷಣಕ್ಕೆ ನಿಂತ ಹೆಡ್‌ಮಾಸ್ಟರು ದೇಶಕ್ಕಾಗಿ ಪ್ರಾಣ ಬಿಟ್ಟವರಿಂದ ಶುರುಮಾಡಿ, ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡ ತಮ್ಮ ತಾಯಿಯಲ್ಲಿಗೆ ಬಂದು ನಿಂತರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳತೊಡಗಿದರು. ಆ ಗಡಿಬಿಡಿಯಲ್ಲಿ ಮಕ್ಕಳಿಗೆ ಪೆಪ್ಪರ್‌ಮಿಂಟ್ ಹಂಚುವುದು ಮರೆತುಹೋಗಿ, ಅವೂ ಅತ್ತವು.

"ಒಂದ್ಸಲನಾದ್ರೂ ಹಾಡನ್ನ ಶುರು ಮಾಡಿದ ಹಾಗೇ ಮುಗ್ಸು ಮಾರಾಯ" ಎಂದು ಡ್ರಮ್ಮಿನವನು ಗೋಗರೆಯುತ್ತಿದ್ದ. "ಹಿಂಗೇ ಆದ್ರೆ ನಾ ಪಂಕ್ಚರ್ ಹಾಕ್ಕಂಡೇ ಸಾಯ್ಬೇಕು."

ಅಷ್ಟರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಏಳುತ್ತಿತ್ತು. ಬ್ಯಾಕೋಡಿನ ಹತ್ತಿರದ ಅಜ್ಜಿಯ ಊರು ಮುಳುಗಡೆಗೆ ಸೇರಿತ್ತು. ಅಜ್ಜಿಯ ಜೊತೆಗಿದ್ದ ದೊಡ್ಡಮಾವನಿಗೆ ತೀರ್ಥಹಳ್ಳಿಯ ಕಡೆ ಜಾಗ ಸಿಕ್ಕಿತು. ಹೊರಡುವ ದಿನ ಗಂಟುಮೂಟೆ ಕಟ್ಟಲು ಅಮ್ಮನ ಜೊತೆ ನಾನೂ ಹೋಗಿದ್ದೆ. ಲಾರಿಗೆ ಪಾತ್ರೆಗಳು ಹತ್ತಿದವು, ನೇಗಿಲು ಹತ್ತಿತು, ಕೋಳಿಗಳೂ ಹತ್ತಿದವು. ಅಜ್ಜಿ ಮಾತ್ರ ಹತ್ತಲಿಲ್ಲ. ಜಗಲಿಯ ಕಂಬ ತಬ್ಬಿಕೊಂಡು ಕೂತುಬಿಟ್ಟಳು.

"ನೀರು ಬಂದ್ರೆ ಬರ್ಲಿ. ನಾ ಎಲ್ಲಿಗೂ ಬರದಿಲ್ಲ."

ಅಮ್ಮ ಬೇಡಿಕೊಂಡಳು, ದೊಡ್ಡಮಾವ ಗದರಿದ, ಲಾರಿಯ ಡ್ರೈವರು ಹಾರ್ನ್ ಹೊಡೆದೂ ಹೊಡೆದೂ ಸಾಕಾದ. ಅಜ್ಜಿ ಕಂಬ ಬಿಡಲಿಲ್ಲ. ಆಗ ತಿರುವಿನಲ್ಲಿ ಕೆಂಪು ಕೋಟುಗಳು ಕಾಣಿಸಿದವು. ಯಾರೂ ಕರೆದಿರಲಿಲ್ಲ! ಅಮ್ಮ ಹಣೆ ಚಚ್ಚಿಕೊಂಡಳು.

"ಇವನೊಬ್ಬ ಬಾಕಿ ಇದ್ದ. ಈಗ ಇವ ಊದಿದ್ರೆ ಅವ್ವ ಏಳದು ಹೋಗ್ಲಿ, ಲಾರಿ ಹತ್ತಿದವ್ರೂ ಇಳೀತಾರೆ."

ಮಾವ ನೇರವಾಗಿ ಬಂದು ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕೂತ.

"ಅವ್ವಾ, ನೀ ಮದುವೆಯಾಗಿ ಈ ಮನೆಗೆ ಬರೋವಾಗ ವಾಲಗ ಇರ್ಲಿಲ್ಲ ಅಂತ ಹೇಳ್ತಿದ್ದೆ ಅಲ್ದಾ? ಗೇಣಿ ಒಕ್ಕಲಿಗೆ ವಾಲಗ ಎಲ್ಲಿಂದ ಬರ್ಬೇಕು. ಈಗ ತಂದೀನಿ. ಏಳು."

ಎದ್ದು ಊದಿದ. ಗಂಡನ ಮನೆಗೆ ಹೋಗುವ ದಿಬ್ಬಣದ ಹಾಡು, ಕುಣಿಯುತ್ತ ಹೋಗುವಂಥದ್ದು. ಎರಡನೇ ಸಾಲಿಗೆ ಬಂದಾಗ ಡ್ರಮ್ಮಿನವನು ಅಭ್ಯಾಸಬಲದಿಂದ ಕೈ ನಿಧಾನ ಮಾಡಿದ. ಮಾವ ಕಣ್ಣು ಕೆಕ್ಕರಿಸಿ ನೋಡಿದ. ಹಾಡು ಇಳಿಯಲೇ ಇಲ್ಲ! ಪಾಪ, ಡ್ರಮ್ಮಿನವನು ಹಿಂದೆ ಬಿದ್ದು, ಬೆವರು ಸುರಿಸಿಕೊಂಡು ಹಾಡನ್ನು ಅಟ್ಟಿಸಿಕೊಂಡು ಹೋದ. ಅವನ ಅವಸ್ಥೆ ನೋಡಿ ಅಜ್ಜಿಗೆ ನಗು ಬಂತು.

"ಈ ಮುದುಕೀನ ಮದುಮಗಳು ಮಾಡಿದ್ಯಲ್ಲೋ" ಎಂದು ಕಂಬ ಬಿಟ್ಟು ಎದ್ದಳು. ತವರು ಬಿಡುವ ಹುಡುಗಿಯರು ಮಾಡುವ ಹಾಗೆ ಒಲೆ ಮುಟ್ಟಿದಳು, ಕೊಟ್ಟಿಗೆಯ ಗೂಟ ಮುಟ್ಟಿದಳು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬ್ಯಾಂಡಿನ ಹಿಂದೆ ನಡೆದುಬಂದು ಲಾರಿ ಹತ್ತಿದಳು.

"ಇವತ್ತೆಂತ ಇದು ಹೊಸ ಪರಿ?" ಎಂದು ಅಮ್ಮ ಮಾವನನ್ನು ಮೆಲ್ಲಗೆ ಕೇಳಿದಳು.

"ಅಳು ಇಲ್ಲೇ ಬೇಕಾದಷ್ಟು ಇತ್ತಲ್ಲ ಅಕ್ಕಾ. ನಾ ಬೇರೆ ತರೋದು ಎಂತಕ್ಕೆ?"

ಮಾವನ ಮೇಲೆ ನನಗೆ ಅಷ್ಟೊಂದು ಪ್ರೀತಿ ಉಕ್ಕಿದ್ದು ಆವತ್ತೇ. ಲಾರಿ ಹೊರಟಿತು. ಕೆಂಪು ಕೋಟುಗಳು ಅಂಗಳದಲ್ಲೇ ನಿಂತು ನುಡಿಸುತ್ತಿದ್ದವು. ತಿರುವು ದಾಟಿ ಮನೆ ಮರೆಯಾಯಿತು. ಇನ್ನು ನಮಗೆ ಕೇಳಿಸುವುದಿಲ್ಲ ಎಂದು ಮಾವ ತಿಳಿದಿರಬೇಕು. ಹಾಡು ಮೆಲ್ಲಗೆ ಕೆಳಗಿಳಿಯಿತು.

ಅಜ್ಜಿ ಕಿವಿಗೊಟ್ಟು ಕೇಳಿದಳು. "ನಂದು ಅದು, ಸಸಿ ನೆಡೋ ಹಾಡು" ಅಂದಳು. ಸೆರಗಿನಿಂದ ಮೊದಲು ನನ್ನ ಕಣ್ಣೊರೆಸಿ, ಆಮೇಲೆ ಅದರಲ್ಲೇ ಮುಖ ಮುಚ್ಚಿಕೊಂಡಳು. ಬೆಳಗ್ಗಿನಿಂದ ಹಾರ್ನ್ ಹೊಡೆದು ಅವಸರ ಮಾಡಿದ್ದ ಡ್ರೈವರು, ಹಾಡು ಕೇಳಿಸುವಷ್ಟು ದೂರವೂ ಲಾರಿಯನ್ನು ದಿಬ್ಬಣದ ಹಾಗೆ ನಿಧಾನಕ್ಕೆ ಓಡಿಸಿದ.