ಹಾಲ್ವರ್ ಒತ್ತಲಿಲ್ಲ

"ಇವತ್ತು ನಿಮ್ಮೆಲ್ಲರಿಗೂ ಒಂದು ಸುಳ್ಳು ಮೇಲ್ ಕಳಿಸ್ತೀನಿ," ಎಂದು ಕೌಂಟಿ ಆಡಳಿತದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕರ್ಟಿಸ್ ಶುಕ್ರವಾರ ಬೆಳಿಗ್ಗೆಯೇ ರಸ್ತೆ ಇಲಾಖೆಗೆ ಬಂದು ಸಾರಿದ. "ಕಳ್ಳರು ಕಳಿಸೋ ಥರಾನೇ ಇರುತ್ತೆ. ಅದರಲ್ಲಿರೋ ಲಿಂಕ್ ಒತ್ತಿದವರು ನಾಳೆ ಬಂದು ಪಾಠ ಕೇಳ್ಬೇಕು."

ನಾಳೆ ಅಂದರೆ ಜಿಂಕೆ ಬೇಟೆ ಶುರುವಾಗುವ ಶನಿವಾರ. ಉತ್ತರ ಮಿನ್ನೆಸೋಟಾದಲ್ಲಿ ಆ ದಿನ ಮದುವೆ ಇಟ್ಟುಕೊಂಡರೆ ಮದುಮಗನೇ ಬರುವುದಿಲ್ಲ. ಹಿಮ ತಳ್ಳುವ ಲಾರಿಗಳಿಗೆ ದಾರಿ ಹಂಚುವ ಹಾಲ್ವರ್, ಪಾಪ, ಹೋದ ವರ್ಷ ಪುಕ್ಕಟೆ ಡೋನಟ್ ಆಸೆಗೆ ಒತ್ತಿದ್ದ, ಅದರ ಹಿಂದಿನ ವರ್ಷ ಬೂಟಿನ ಆಸೆಗೆ. ಎರಡು ಸಲವೂ ಭಾವಮೈದುನರು ಕಾಡಿನಲ್ಲಿದ್ದಾಗ ಇವನು ಕರ್ಟಿಸನ ಮುಂದೆ ಕೂತು ಆಕಳಿಸಿದ್ದ. ಈ ಸಲ ಏನೇ ಬರಲಿ, ಒತ್ತುವುದಿಲ್ಲ ಎಂದು ಶಪಥ ಮಾಡಿದ್ದ.

"ಕಳ್ಳರನ್ನ ಹಿಡಿಯೋದು ನಿನ್ನ ಕೆಲಸ ಅಲ್ವೇನಯ್ಯಾ?" ಎಂದಳು ಗುಮಾಸ್ತೆ ಮಾರ್ವೀನ್. "ನಾವು ಕಂಪ್ಯೂಟರ್ ಕಾಯ್ತೀವಿ, ನೀನು ಬಂದು ಹಿಮ ತಳ್ತೀಯಾ?"

"ಅದು ಎಲ್ಲರ ಜವಾಬ್ದಾರಿ."

"ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ," ಎಂದ ಮೇಲಧಿಕಾರಿ ಡ್ವೇನ್, ಕಾಫಿ ಬಗ್ಗಿಸಿಕೊಳ್ಳುತ್ತ. "ನನಗೆ ರಸ್ತೆಗಳೇ ಸಾಕಾಗಿದೆ."

ಹಾಲ್ವರ್ ಕಂಪ್ಯೂಟರ್ ಮುಂದೆ ಕೂತ. ಮೊದಲ ಮೇಲ್ ಬಂತು: ಮಧ್ಯಾಹ್ನದ ಊಟಕ್ಕೆ ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್ ಇದೆ, ಬೇಕಾದವರು ಇಲ್ಲಿ ಒತ್ತಿ ಹೆಸರು ಕೊಡಿ. ಡೋನಟ್ಟಿನ ನೆನಪಾಗಿ ಅವನು ಮೋಸವೆಂದು ಕರ್ಟಿಸನಿಗೆ ದೂರು ಕೊಟ್ಟುಬಿಟ್ಟ. ಅದು ನಿಜಕ್ಕೂ ಮಾರ್ವೀನಳದೇ. ಅವಳ ಕಂಪ್ಯೂಟರಿಗೆ ಬೀಗ ಬಿತ್ತು.

"ಹದಿನೆಂಟು ವರ್ಷದಿಂದ ನನ್ನ ಹಾಟ್‌ಡಿಶ್ ತಿಂತಿದ್ದೀಯ," ಎಂದಳು ಅವಳು. "ಇವತ್ತು ನಾನು ಕಳ್ಳಿ ಆದ್ನಾ?"

ಎರಡನೆಯದು ಡ್ವೇನ್ ಹೆಸರಿನಲ್ಲಿ: ಬೇಟೆಗೆ ಸಾಮಾನು ಕಟ್ಟಬೇಕು, ಎರಡಕ್ಕೇ ಹೊರಡ್ತೀನಿ, ಆಫೀಸು ನೋಡ್ಕೋ. ಡ್ವೇನ್ ಆಗ ಲಾರಿ ಶೆಡ್ಡಿನಲ್ಲಿದ್ದ, ಮೊಬೈಲ್ ಎತ್ತಲಿಲ್ಲ. ಹಾಲ್ವರ್ ಅವನ ಮನೆಗೇ ಫೋನ್ ಮಾಡಿ ಇದು ನಿಜವೇ ಎಂದು ಹೆಂಡತಿಯನ್ನು ಕೇಳಿದ. ನಾಳೆ ತನ್ನ ತವರಿಗೆ ಬಂದು ಛಾವಣಿ ರಿಪೇರಿ ಮಾಡುವುದಾಗಿ ಗಂಡ ಮಾತು ಕೊಟ್ಟಿದ್ದಾನೆಂದು ಆಕೆ ತಣ್ಣಗೆ ಹೇಳಿ ಫೋನ್ ಇಟ್ಟಳು. ಐದೇ ನಿಮಿಷಕ್ಕೆ ಡ್ವೇನ್ ಹಸಿಮೆಣಸು ಕಚ್ಚಿದವನ ಹಾಗೆ ಬಂದ.

"ನಿನಗೆ ತಲೆ ನೆಟ್ಟಗಿದೆಯೇನಯ್ಯಾ?"

ಅಷ್ಟರಲ್ಲಿ ಮೂರನೆಯದು ಬಂತು. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪಿನ ಕಂಪನಿಯದು. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಒತ್ತಿ ಒಪ್ಪಿಗೆ ಕೊಡಿ, ಇಲ್ಲದಿದ್ದರೆ ಸೋಮವಾರ ಉಪ್ಪು ಬರುವುದಿಲ್ಲ. ಅದಕ್ಕೆ ಡ್ವೇನ್, ಹಾಲ್ವರ್ ಇಬ್ಬರ ಒಪ್ಪಿಗೆಯೂ ಬೇಕಿತ್ತು. ಡ್ವೇನ್ ತನ್ನ ಮೊಬೈಲಿನಲ್ಲಿ ಆಗಲೇ ಒತ್ತಿದ್ದ.

"ಒತ್ತಯ್ಯಾ. ಭಾನುವಾರ ಹಿಮ ಬೀಳುತ್ತೆ."

"ಒತ್ತಲ್ಲ."

"ಉಪ್ಪಿಲ್ಲದೆ ಶಾಲೆ ಬಸ್ಸು ಜಾರಿ ಹಳ್ಳಕ್ಕೆ ಬಿದ್ರೆ?" ಎಂದಳು ಮಾರ್ವೀನ್.

ಆದರೂ ಹಾಲ್ವರ್ ಬೆರಳು ಅಲ್ಲಾಡಿಸಲಿಲ್ಲ. ಉಪ್ಪಿನ ಕಂಪನಿಯ ಮುದುಕನಿಗೇ ಫೋನ್ ಹಚ್ಚಿದ. ನಮ್ಮಪ್ಪನ ಕಾಲದಿಂದಲೂ ಅದೇ ಬ್ಯಾಂಕು ಕಣಪ್ಪ, ಯಾವ ಖಾತೆಯೂ ಬದಲಾಗಿಲ್ಲ ಎಂದ ಮುದುಕ.

ಸುದ್ದಿ ತಿಳಿದು ಕರ್ಟಿಸ್ ಓಡಿ ಬಂದ. ಮೇಲ್ ನೋಡಿದವನೇ ಕುರ್ಚಿಯಲ್ಲಿ ಕುಸಿದ. "ನನ್ನ ಮೇಲ್ ನಾನಿನ್ನೂ ಕಳಿಸೇ ಇಲ್ಲ. ಇವನು ನಿಜವಾದ ಕಳ್ಳ. ನೀನು ಒತ್ತಿದ್ರೆ ಚಳಿಗಾಲದ ದುಡ್ಡೆಲ್ಲ ಹೋಗ್ತಿತ್ತು."

ಡ್ವೇನ್ ಹಾಲ್ವರನ ಕೈ ಹಿಡಿದು ಕುಲುಕಿದ. ಮಾರ್ವೀನ್ ಹಾಟ್‌ಡಿಶ್‌ನ ಗರಿಗರಿ ಮೂಲೆಯನ್ನೇ ಅವನ ತಟ್ಟೆಗೆ ಹಾಕಿದಳು. ಶೆಡ್ಡಿನ ಚಾಲಕರೆಲ್ಲ ಬಂದು ಬೆನ್ನು ತಟ್ಟಿದರು. ಹಾಲ್ವರನಿಗೆ ಆನೆ ಬಲ ಬಂದಂತಾಯಿತು. ಜೀವನದಲ್ಲಿ ಮೊದಲ ಸಲ ಗೆದ್ದಿದ್ದ, ನಾಳೆ ಕಾಡೂ ಅವನದೇ.

ಆದರೆ ಆ ಸೀಮೆಯಲ್ಲಿ ಹೊಗಳಿಕೆಯನ್ನು ಹಾಗೇ ಒಪ್ಪಿಕೊಂಡವನು ಜಂಬಗಾರ. ಯಾರಾದರೂ ಹೊಗಳಿದರೆ ಎರಡು ಹೆಜ್ಜೆ ಹಿಂದೆ ಸರಿಯಲೇಬೇಕು. ಹಾಲ್ವರನೂ ಟೊಪ್ಪಿಗೆ ಕೆಳಗೆಳೆದುಕೊಂಡು, "ಅದೇನ್ ಮಹಾ ಬಿಡಿ. ಅರ್ಧ ಗಂಟೆ ಹೇಳಿಕೊಟ್ರೆ ಯಾರ್ ಬೇಕಾದ್ರೂ ಮಾಡ್ತಾರೆ," ಎಂದ.

ಕರ್ಟಿಸನ ಮುಖ ಅರಳಿತು. "ಹಾಗಾದ್ರೆ ನಾಳೆ ನೀನೇ ಹೇಳಿಕೊಡು. ಡ್ವೇನ್ ಒತ್ತಿದ್ದಾರೆ, ಪಾಠ ಆಗ್ಲೇಬೇಕು."

"ಮತ್ತೆ ನೀನು?"

ಕರ್ಟಿಸ್ ಆಗಲೇ ಬಾಗಿಲ ಹತ್ತಿರ ಹೋಗಿದ್ದ. "ನಿನಗೆ ಪಾಠ ಮಾಡ್ತಾ ಎರಡು ವರ್ಷದಿಂದ ನಾನೂ ಕಾಡಿನ ಮುಖ ನೋಡಿಲ್ಲ ಮಾರಾಯ," ಎಂದ.